ಜಪಾನ್ ಪ್ರವಾಸ: ಎಲ್ಲರೂ ವಾಪಸ್ ಹೊರಡುವ ಊರಲ್ಲಿ ನೀವು ರಾತ್ರಿ ಉಳಿಯಿರಿ. 12 ರಾತ್ರಿಗಳ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಮಿಯಾಜಿಮಾ ದ್ವೀಪಕ್ಕೆ ಹೋದಾಗ ಮಧ್ಯಾಹ್ನ ಎರಡು ಗಂಟೆ. ಫೋಟೋಗಳಲ್ಲಿ ಸಮುದ್ರದ ಮೇಲೆ ತೇಲುವ ಆ ಕೆಂಪು ಹೆಬ್ಬಾಗಿಲು ನಾನು ಹೋದಾಗ ಕೆಸರಲ್ಲಿ ನಿಂತಿತ್ತು. ಸುತ್ತ ನೂರಾರು ಜನ, ನೂರಾರು ಸೆಲ್ಫಿ ಕೋಲು. ಅರ್ಧ ಗಂಟೆ ನಿಂತು, ಒಂದು ಫೋಟೋ ತೆಗೆದು, ದೋಣಿ ಹತ್ತಿ ವಾಪಸ್ ಬಂದೆ. ‘ಇಷ್ಟೇನಾ?’ ಅನ್ನಿಸಿತ್ತು.

ಎರಡನೇ ಸಲ ಅಲ್ಲೇ ಉಳಿದೆ. ಸಂಜೆ ಐದೂವರೆ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿದವು, ದೋಣಿಗಳು ಜನರನ್ನು ತುಂಬಿಕೊಂಡು ಹೋದವು. ರಾತ್ರಿ ಒಂಬತ್ತಕ್ಕೆ ಉಬ್ಬರದ ನೀರು ದೇವಾಲಯದ ಕಾಲುದಾರಿಯ ಕೆಳಗೆ ಪಚಪಚ ಅನ್ನುತ್ತಿತ್ತು. ದಂಡೆಯ ಮೇಲೆ ನಾನು, ಇಬ್ಬರು ಅಜ್ಜಂದಿರು, ನಾಲ್ಕು ಜಿಂಕೆ. ಅಷ್ಟೇ.

ಜಪಾನ್ ಬಗ್ಗೆ ನನ್ನ ಹತ್ತಿರ ಯಾರೇ ಕೇಳಿದರೂ ನಾನು ಹೇಳುವುದು ಈ ಒಂದೇ ಮಾತು: ಬೇರೆಯವರು ಹಗಲಲ್ಲಿ ಬಂದು ಹೋಗುವ ಊರಲ್ಲಿ ನೀವು ರಾತ್ರಿ ಮಲಗಿ. ಹಾಗೆ ಮಾಡಬೇಕಾದರೆ ಪಟ್ಟಿಯಿಂದ ಕೆಲವು ಊರುಗಳನ್ನು ಕೈಬಿಡಬೇಕಾಗುತ್ತದೆ. ಈ ಮಾರ್ಗದರ್ಶಿ ಅದೇ ಲೆಕ್ಕದಲ್ಲಿದೆ.

ಹೆಜ್ಜೆ 1: ಯಾವಾಗ ಹೋಗಬೇಕು?

ಚೆರ್ರಿ ಹೂವಿನ ಕಾಲ, ಅಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರ, ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದೇ ಅದರ ಕಷ್ಟ. ಹೋಟೆಲ್ ದರ ಏರುತ್ತದೆ, ಹೂವು ಒಂದು ವಾರ ಹಿಂದೆ ಮುಂದೆ ಆದರೆ ಕೈಗೆ ಸಿಗುವುದಿಲ್ಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ‘ಗೋಲ್ಡನ್ ವೀಕ್’ ರಜೆ, ಆಗಸ್ಟ್ ಮಧ್ಯದ ‘ಓಬೋನ್’, ಹೊಸ ವರ್ಷದ ವಾರ ಇವಿಷ್ಟೂ ಜಪಾನಿಗರೇ ಊರೂರು ತಿರುಗುವ ಸಮಯ. ರೈಲಿನಲ್ಲಿ ಸೀಟು ಸಿಗುವುದು ಕಷ್ಟ. ಜೂನ್‌ನಿಂದ ಜುಲೈ ಮಧ್ಯದವರೆಗೆ ಮಳೆಗಾಲ. ಜುಲೈ, ಆಗಸ್ಟ್‌ನ ಸೆಕೆ ಮಂಗಳೂರಿನವರಿಗೂ ಸಾಕು ಸಾಕು ಅನ್ನಿಸುತ್ತದೆ. ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಭಯ.

ನನ್ನ ಆಯ್ಕೆ ನವೆಂಬರ್‌ನ ಮೊದಲ ಎರಡು ವಾರ. ಬೆಟ್ಟದ ಊರುಗಳಲ್ಲಿ ಮೇಪಲ್ ಎಲೆ ಆಗಲೇ ಕೆಂಪಾಗಿರುತ್ತದೆ, ಕ್ಯೋಟೊದಲ್ಲಿ ಶುರುವಾಗುತ್ತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ನಮ್ಮ ದೀಪಾವಳಿ ರಜೆಗೂ ಎಷ್ಟೋ ವರ್ಷ ಹೊಂದುತ್ತದೆ. ಈ ಪ್ರವಾಸದ ಪಟ್ಟಿಯಲ್ಲಿರುವ ಕಾಮಿಕೋಚಿ ಕಣಿವೆ ನವೆಂಬರ್ 15ಕ್ಕೆ ಬಾಗಿಲು ಹಾಕುತ್ತದೆ. ಮತ್ತೆ ತೆರೆಯುವುದು ಏಪ್ರಿಲ್ ಮಧ್ಯದಲ್ಲಿ. ಹಾಗಾಗಿ ಅದನ್ನು ಮೊದಲ ವಾರದಲ್ಲೇ ಮುಗಿಸಿಕೊಳ್ಳಿ.

ಹೆಜ್ಜೆ 2: ದಾರಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ

ಒಟ್ಟು 12 ರಾತ್ರಿ ಹೀಗೆ ಹಂಚಿಕೊಳ್ಳಿ:

- ಟೋಕಿಯೊ: 2 ರಾತ್ರಿ
- ಕನಜಾವಾ: 1
- ಶಿರಕಾವಾಗೊ: 1
- ತಕಾಯಾಮಾ: 2 (ಒಂದು ದಿನ ಕಾಮಿಕೋಚಿ)
- ಕ್ಯೋಟೊ: 3 (ಒಂದು ದಿನ ನಾರಾ)
- ಕೋಯಾಸಾನ್: 1
- ಮಿಯಾಜಿಮಾ: 1
- ವಾಪಸ್ ಟೋಕಿಯೊ: 1

ಒಸಾಕಾ ಎಲ್ಲಿ ಅಂತ ಕೇಳಬಹುದು. ಬಿಟ್ಟಿದ್ದೇನೆ. ನಿಕ್ಕೊ, ಹಕೋನೆ, ಹೊಕ್ಕೈಡೊ ಕೂಡ ಇಲ್ಲ. ನಿಕ್ಕೊ ಬಿಡುವಾಗ ನನಗೂ ಹೊಟ್ಟೆ ಉರಿಯಿತು. ಒಂದು ಕಾಲದಲ್ಲಿ ಜಪಾನ್ ಆಳಿದ ತೊಕುಗಾವಾ ಇಯೆಯಾಸುವಿನ ಸಮಾಧಿ ಮಂದಿರ, 97 ಮೀಟರ್ ಎತ್ತರದ ಕೆಗೋನ್ ಜಲಪಾತ, ಎರಡೂ ಒಂದೇ ಕಡೆ ಇವೆ. ಇನ್ನೂ ಎರಡು ದಿನ ರಜೆ ಸಿಕ್ಕರೆ ಮೊದಲು ಸೇರಿಸಬೇಕಾದ್ದು ಅದನ್ನೇ. ಸಿಗದಿದ್ದರೆ ತುರುಕಬೇಡಿ.

ಹೆಜ್ಜೆ 3: ವೀಸಾ

ಭಾರತೀಯರಿಗೆ ವೀಸಾ ಬೇಕು. 2024ರ ಏಪ್ರಿಲ್‌ನಿಂದ ಪ್ರವಾಸಿಗರಿಗೆ ಇ-ವೀಸಾ ಬಂದಿದೆ. ಅರ್ಜಿ ಹಾಕುವುದು ವೀಸಾ ಕೇಂದ್ರದ ಮೂಲಕ. ಬೇಕಾಗುವುದು ಮಾಮೂಲಿ ಕಾಗದಗಳು: ಪಾಸ್‌ಪೋರ್ಟ್, ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ವಿವರ, ವಿಮಾನ ಮತ್ತು ಹೋಟೆಲ್ ಬುಕಿಂಗ್, ದಿನದ ಲೆಕ್ಕದ ಪ್ರವಾಸ ಪಟ್ಟಿ. ಈ ಪಟ್ಟಿಯನ್ನು ಸುಮ್ನೆ ಎಲ್ಲಿಂದಲೋ ನಕಲು ಮಾಡಿ ಕೊಡಬೇಡಿ. ಹೋಟೆಲ್ ಬುಕಿಂಗ್‌ನ ತಾರೀಖಿಗೂ ಇದಕ್ಕೂ ತಾಳೆ ಆಗಬೇಕು.

ಒಂದು ಸೂಕ್ಷ್ಮ. ವಿಮಾನ ನಿಲ್ದಾಣದಲ್ಲಿ ಇ-ವೀಸಾವನ್ನು ಫೋನಿನಲ್ಲಿ, ಇಂಟರ್ನೆಟ್ ಆನ್ ಇದ್ದಾಗಲೇ ತೆರೆದು ತೋರಿಸಬೇಕು. ಪಿಡಿಎಫ್, ಸ್ಕ್ರೀನ್‌ಶಾಟ್, ಪ್ರಿಂಟ್ ನಡೆಯುವುದಿಲ್ಲ. ಹಾಗಾಗಿ ರೋಮಿಂಗ್ ಅಥವಾ ಇ-ಸಿಮ್ ಬೆಂಗಳೂರಲ್ಲೇ ಹಾಕಿಸಿಕೊಂಡು ಹೊರಡಿ. ‘ವಿಸಿಟ್ ಜಪಾನ್ ವೆಬ್’ ತಾಣದಲ್ಲಿ ಇಮಿಗ್ರೇಷನ್, ಕಸ್ಟಮ್ಸ್ ವಿವರ ಮೊದಲೇ ತುಂಬಿದರೆ ಒಂದು ಕ್ಯೂಆರ್ ಕೋಡ್ ಸಿಗುತ್ತದೆ. ಇಳಿದ ಮೇಲೆ ಫಾರಂ ಬರೆಯುವ ಕೆಲಸ ಇರುವುದಿಲ್ಲ.

ಬೆಂಗಳೂರಿನಿಂದ ಟೋಕಿಯೊದ ನರಿತಾ ನಿಲ್ದಾಣಕ್ಕೆ ನೇರ ವಿಮಾನ ಇದೆ. ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ವಿದ್ಯುತ್ 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್. ಅಡಾಪ್ಟರ್ ಒಯ್ಯಿರಿ. ಶೀತದ ಮಾತ್ರೆಗಳ ಬಗ್ಗೆ ಹುಷಾರು: ಸೂಡೋಎಫೆಡ್ರಿನ್ ಜಾಸ್ತಿ ಇರುವ ಔಷಧಿಗೆ ಅಲ್ಲಿ ನಿಷೇಧ ಇದೆ. ಬಿಪಿ, ಶುಗರ್ ಮಾತ್ರೆ ಒಂದು ತಿಂಗಳಿಗಿಂತ ಹೆಚ್ಚು ಒಯ್ಯುವುದಾದರೆ ಮೊದಲೇ ಅನುಮತಿ ಬೇಕು. ಎರಡು ವಾರಕ್ಕೆ ಆಗುವಷ್ಟು, ವೈದ್ಯರ ಚೀಟಿ ಸಮೇತ ಇಟ್ಟುಕೊಂಡರೆ ಸಾಕು.

ಹೆಜ್ಜೆ 4: ಜೆಆರ್ ಪಾಸ್ ಬೇಕಾ? ಲೆಕ್ಕ ಹಾಕಿ

‘ಜಪಾನಿಗೆ ಹೋಗ್ತಿದೀರಾ? ಜೆಆರ್ ಪಾಸ್ ತಗೊಳ್ಳಿ’ ಅನ್ನುವ ಸಲಹೆ ಹಳೆಯದು. ಜೆಆರ್ ಅಂದರೆ ಜಪಾನ್ ರೈಲ್ವೆ, ಅದರ ರೈಲುಗಳಲ್ಲಿ ಎಷ್ಟು ಸಲ ಬೇಕಾದರೂ ಓಡಾಡುವ ಪಾಸು ಇದು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ ಒಂದೇ ಏಟಿಗೆ 50,000ಕ್ಕೆ ಏರಿತು. ನೂರು ಯೆನ್ ಅಂದರೆ ಸುಮಾರು 55ರಿಂದ 60 ರೂಪಾಯಿ ಅಂತಿಟ್ಟುಕೊಳ್ಳಿ.

ನಮ್ಮ ದಾರಿಯ ದೊಡ್ಡ ರೈಲು ಖರ್ಚು ನಾಲ್ಕೇ. ಟೋಕಿಯೊದಿಂದ ಕನಜಾವಾಗೆ ಸುಮಾರು 14 ಸಾವಿರ ಯೆನ್. ತಕಾಯಾಮಾದಿಂದ ಕ್ಯೋಟೊಗೆ ಹತ್ತು ಸಾವಿರದ ಆಸುಪಾಸು. ಒಸಾಕಾದಿಂದ ಹಿರೋಷಿಮಾಗೆ ಹತ್ತೂವರೆ ಸಾವಿರ. ಹಿರೋಷಿಮಾದಿಂದ ಟೋಕಿಯೊಗೆ 19 ಸಾವಿರ ಚಿಲ್ಲರೆ. ಈ ನಾಲ್ಕೂ ಒಂದೇ ಏಳು ದಿನದೊಳಗೆ ಬರುವುದಿಲ್ಲ. ಕೊನೆಯ ಮೂರು ಸೇರಿದರೆ ಸುಮಾರು 40 ಸಾವಿರ. ಪಾಸು 50 ಸಾವಿರ. ಸಾಲದ್ದಕ್ಕೆ ಅತಿ ವೇಗದ ನೊಜೊಮಿ ರೈಲು ಹತ್ತಲು ಪಾಸಿದ್ದವರೂ ಬೇರೆ ದುಡ್ಡು ಕೊಡಬೇಕು. ಹಾಗಾಗಿ ಬಿಡಿ ಟಿಕೆಟ್ಟೇ ಒಳ್ಳೆಯದು. ಕ್ಯೋಟೊ, ಹಿರೋಷಿಮಾ ಸುತ್ತಮುತ್ತ ಮಾತ್ರ ತಿರುಗುವವರಾದರೆ ಐದು ದಿನದ ‘ಕನ್ಸಾಯ್-ಹಿರೋಷಿಮಾ’ ಪಾಸ್ ನೋಡಿ, ಅದು ನಿಜಕ್ಕೂ ಲಾಭ.

ಊರೊಳಗಿನ ಮೆಟ್ರೊ, ಬಸ್ಸಿಗೆ ‘ಸುಯಿಕಾ’ ಅಥವಾ ‘ಇಕೋಕಾ’ ಕಾರ್ಡ್ ತಗೊಳ್ಳಿ. ಮುಟ್ಟಿಸಿದರೆ ಸಾಕು. ಕಾರ್ಡಿನಲ್ಲಿ ಕನ್ವೀನಿಯನ್ಸ್ ಸ್ಟೋರ್ ಬಿಲ್ಲೂ ಕಟ್ಟಬಹುದು. ಗುಡ್ಡದ ಊರಿನ ಬಸ್ಸು, ಸಣ್ಣ ದೇವಸ್ಥಾನದ ಟಿಕೆಟ್ಟಿಗೆ ನಗದು ಬೇಕೇ ಬೇಕು. ಸೆವೆನ್-ಇಲೆವೆನ್ ಅಂಗಡಿಯ ಎಟಿಎಂನಲ್ಲಿ ನಮ್ಮ ಕಾರ್ಡ್ ನಡೆಯುತ್ತದೆ.

ಹೆಜ್ಜೆ 5: ಬುಕಿಂಗ್ ಯಾವ ಕ್ರಮದಲ್ಲಿ

ಮೊದಲು ಸಣ್ಣ ಊರು, ಆಮೇಲೆ ದೊಡ್ಡ ಊರು. ಟೋಕಿಯೊದಲ್ಲಿ ಕೋಣೆ ಯಾವಾಗಲೂ ಸಿಗುತ್ತದೆ. ಶಿರಕಾವಾಗೊದ ಹುಲ್ಲುಮಾಡಿನ ಮನೆಯಲ್ಲಿ ಇರುವುದೇ ನಾಲ್ಕೈದು ಕೋಣೆ. ಕೋಯಾಸಾನ್‌ನ ಮಠ, ಶಿರಕಾವಾಗೊ, ಮಿಯಾಜಿಮಾ, ಈ ಮೂರನ್ನು ನಾಲ್ಕು ತಿಂಗಳು ಮೊದಲೇ ಹಿಡಿಯಿರಿ. ಉಳಿದ ತಾರೀಖುಗಳನ್ನು ಇವುಗಳ ಸುತ್ತ ಹೊಂದಿಸಿ. ಜೆಆರ್ ಸ್ಟೇಷನ್ ಕೌಂಟರಿನಲ್ಲಿ ರೈಲಿನ ಸೀಟು ಒಂದು ತಿಂಗಳ ಮೊದಲು ಬೆಳಗ್ಗೆ ಹತ್ತಕ್ಕೆ ತೆರೆಯುತ್ತದೆ. ಕನಜಾವಾ–ಶಿರಕಾವಾಗೊ ಬಸ್ಸಿನ ಸೀಟನ್ನೂ ಆಗಲೇ ಕಾಯ್ದಿರಿಸಿ.

ಹೆಜ್ಜೆ 6: ಸೂಟ್‌ಕೇಸನ್ನು ಮೊದಲೇ ಕಳಿಸಿಬಿಡಿ

ಜಪಾನಿನ ದೊಡ್ಡ ಪವಾಡ ಬುಲೆಟ್ ರೈಲಲ್ಲ, ‘ತಕ್ಯೂಬಿನ್’. ಹೋಟೆಲ್ ಕೌಂಟರ್‌ಗೆ ಹೋಗಿ ಆ ಪದ ಹೇಳಿ. ಒಂದು ಚೀಟಿ ಕೊಡುತ್ತಾರೆ. ಮುಂದಿನ ಹೋಟೆಲಿನ ವಿಳಾಸ, ತಲುಪಬೇಕಾದ ತಾರೀಖು ಬರೆದು ಪೆಟ್ಟಿಗೆ ಬಿಟ್ಟು ನಡೆಯಿರಿ. ಸಾಮಾನ್ಯವಾಗಿ ಮರುದಿನವೇ ತಲುಪುತ್ತದೆ. ಪೆಟ್ಟಿಗೆಯ ಗಾತ್ರ, ದೂರ ನೋಡಿ ಎರಡು ಮೂರು ಸಾವಿರ ಯೆನ್.

ಈ ದಾರಿಯಲ್ಲಿ ಎರಡು ಸಲ ಇದನ್ನು ಮಾಡಿ. ಟೋಕಿಯೊದಿಂದ ನೇರ ಕ್ಯೋಟೊ ಹೋಟೆಲಿಗೆ ಒಮ್ಮೆ, ಕ್ಯೋಟೊದಿಂದ ಕೊನೆಯ ಟೋಕಿಯೊ ಹೋಟೆಲಿಗೆ ಇನ್ನೊಮ್ಮೆ. ನಡುವಿನ ಬೆಟ್ಟ, ಮಠ, ದ್ವೀಪಕ್ಕೆ ಬೆನ್ನಿಗೊಂದು ಚೀಲ ಸಾಕು. ದೊಡ್ಡ ಪೆಟ್ಟಿಗೆ ಎಳೆದುಕೊಂಡು ಹೋಗಲೇಬೇಕೆಂದರೆ ನೆನಪಿಡಿ: ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ದಾಟುವ ಲಗೇಜಿಗೆ ಟೋಕಿಯೊ–ಹಿರೋಷಿಮಾ ದಾರಿಯ ಬುಲೆಟ್ ರೈಲು ಶಿಂಕನ್ಸೆನ್‌ನಲ್ಲಿ ಪ್ರತ್ಯೇಕ ಸೀಟು ಕಾಯ್ದಿರಿಸಬೇಕು.

ಹೆಜ್ಜೆ 7: ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ

ನಾನು ಮೊದಲ ಪ್ರವಾಸದಲ್ಲಿ ನಾಲ್ಕು ದಿನ ಖುಷಿಯಿಂದ ಮಿಸೊ ಸೂಪ್ ಕುಡಿದೆ. ಐದನೇ ದಿನ ಗೊತ್ತಾಯಿತು, ಅದರ ಬುಡದಲ್ಲಿ ‘ದಾಶಿ’ ಇರುತ್ತದೆ ಅಂತ. ಒಣಗಿಸಿದ ಬೊನಿಟೊ ಮೀನಿನ ಚೂರು ಮತ್ತು ಕಡಲಪಾಚಿ ಕುದಿಸಿದ ನೀರು ಅದು. ನೂಡಲ್ಸ್ ಸಾರು, ಬೇಯಿಸಿದ ತರಕಾರಿ, ಎಷ್ಟೋ ಸಲ ಆಮ್ಲೆಟ್, ಎಲ್ಲದರಲ್ಲೂ ಇರುತ್ತದೆ. ನಮ್ಮಲ್ಲಿ ಒಗ್ಗರಣೆ ಹೇಗೋ ಅಲ್ಲಿ ದಾಶಿ ಹಾಗೆ. ‘ವೆಜಿಟೇರಿಯನ್’ ಅಂದರೆ ತುಂಬ ಜನ ಮಾಂಸದ ತುಂಡು ಇರಬಾರದು ಅಂತಷ್ಟೇ ತಿಳಿದುಕೊಳ್ಳುತ್ತಾರೆ.

ಹಾಗಾಗಿ ಪದ ಬಿಟ್ಟು ಪಟ್ಟಿ ಹೇಳಿ. ‘ನಿಕು, ಸಕಾನಾ, ಕತ್ಸುಒ ದಾಶಿ, ನಾಶಿ ದೆ’ ಅಂದರೆ ಮಾಂಸ, ಮೀನು, ಬೊನಿಟೊ ದಾಶಿ ಬೇಡ ಅಂತ. ಜಪಾನೀ ಲಿಪಿಯಲ್ಲಿ ಬರೆದಿಟ್ಟುಕೊಂಡು ತೋರಿಸಿದರೆ ಇನ್ನೂ ಒಳ್ಳೆಯದು. ವಸತಿ ಬುಕ್ ಮಾಡುವಾಗಲೇ ಬರೆದು ತಿಳಿಸಿ. ಸಂಜೆ ಊಟಕ್ಕೆ ಕೂತ ಮೇಲೆ ಹೇಳಿದರೆ ಅಡುಗೆಯವರಿಗೆ ಸಂಕಟ, ನಿಮಗೆ ಬರೀ ಅನ್ನ. ಕನ್ವೀನಿಯನ್ಸ್ ಸ್ಟೋರಿನಲ್ಲಿ ಉಪ್ಪು ಹಾಕಿದ ‘ಶಿಯೊ ಮುಸುಬಿ’ ಅನ್ನದುಂಡೆ, ಹುಳಿ ಉಪ್ಪಿನಕಾಯಿ ಇಟ್ಟ ‘ಉಮೆ’ ಉಂಡೆ ಸಿಗುತ್ತವೆ. ಪ್ಯಾಕೆಟ್ ಮೇಲಿನ ಪದಾರ್ಥಗಳ ಪಟ್ಟಿಯನ್ನು ಫೋನಿನ ಅನುವಾದದಲ್ಲಿ ನೋಡಿಬಿಡಿ. ಮುಚ್ಚಿದ ಪ್ಯಾಕೆಟ್ಟಿನ ಚಟ್ನಿಪುಡಿ ಒಯ್ದರೆ ಆ ಬಿಳಿ ಅನ್ನಕ್ಕೆ ಜೀವ ಬರುತ್ತದೆ. ಹಸಿ ಹಣ್ಣು, ತರಕಾರಿ, ಮಾಂಸದ ಪದಾರ್ಥ ಮಾತ್ರ ಚೀಲದಲ್ಲಿ ಬೇಡ.

ಮೀನು ಮಾಂಸ ತಿನ್ನುವವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ನೀವು ಅದೃಷ್ಟವಂತರು.

ಹೆಜ್ಜೆ 8: ಟೋಕಿಯೊ ಬೇಗ ಮುಗಿಸಿ

ಟೋಕಿಯೊ ಅಭಿಮಾನಿಗಳು ಬೈದುಕೊಳ್ಳಲಿ, ಮೊದಲ ಪ್ರವಾಸಕ್ಕೆ ಎರಡು ರಾತ್ರಿ ಸಾಕು. ಇಳಿದ ದಿನ ನಿದ್ದೆಗಣ್ಣಲ್ಲಿ ಅಸಾಕುಸಾದ ಸೆನ್ಸೊಜಿ ನೋಡಿ, ಅದೂ ರಾತ್ರಿ ಎಂಟರ ಮೇಲೆ. ಗುಡಿಯ ಬಾಗಿಲು ಮುಚ್ಚಿರುತ್ತದೆ, ಆದರೆ ಅಂಗಳ ತೆರೆದಿರುತ್ತದೆ, ದೀಪ ಉರಿಯುತ್ತಿರುತ್ತದೆ, ಜನ ಇರುವುದಿಲ್ಲ. ಮರುದಿನ ಮೇಜಿ ಮಂದಿರದ ಕಾಡಿನಲ್ಲಿ ಬೆಳಗ್ಗೆ ನಡೆದಾಡಿ. ಅದು ಮನುಷ್ಯರೇ ನೆಟ್ಟು ಬೆಳೆಸಿದ ಕಾಡು. ಮಂದಿರ ಕಟ್ಟುವಾಗ ದೇಶದ ಮೂಲೆ ಮೂಲೆಯಿಂದ ಜನ ಕೊಟ್ಟ ಸುಮಾರು ಒಂದು ಲಕ್ಷ ಮರಗಳನ್ನು ನೆಟ್ಟರು. ಮಂದಿರ ಪೂರ್ಣವಾದದ್ದು 1920ರಲ್ಲಿ. ಸಂಜೆ ಶಿಬುಯಾ ವೃತ್ತ, ಅಷ್ಟೇ.

ಹೆಜ್ಜೆ 9: ಬೆಟ್ಟದ ಕಡೆಗೆ

ಟೋಕಿಯೊದಿಂದ ಕನಜಾವಾಗೆ ಶಿಂಕನ್ಸೆನ್‌ನಲ್ಲಿ ಎರಡೂವರೆ ಗಂಟೆ. ಅಲ್ಲಿನ ಕೆನ್ರೊಕುಎನ್ ತೋಟ ನೋಡಿ. ನವೆಂಬರ್ 1ರಿಂದ ಅಲ್ಲಿ ‘ಯುಕಿಜುರಿ’ ಶುರುವಾಗುತ್ತದೆ. ಹಿಮದ ಭಾರಕ್ಕೆ ಪೈನ್ ಕೊಂಬೆ ಮುರಿಯದಿರಲಿ ಅಂತ ಮರದ ನಡುವೆ ಕಂಬ ನೆಟ್ಟು, ತುದಿಯಿಂದ ಒಂದೊಂದು ಕೊಂಬೆಗೂ ಹಗ್ಗ ಇಳಿಬಿಡುತ್ತಾರೆ. ದೂರದಿಂದ ಬಿಚ್ಚಿದ ಕೊಡೆಯ ಕಡ್ಡಿಗಳ ಹಾಗೆ ಕಾಣುತ್ತದೆ. ಮಾಲಿಗಳು ಕಂಬದ ತುದಿಯಲ್ಲಿ ಕೂತು ಹಗ್ಗ ಎಸೆಯುವುದನ್ನು ನೋಡುತ್ತಾ ನಾನು ಒಂದು ಗಂಟೆ ಕಳೆದಿದ್ದೇನೆ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಶಿರಕಾವಾಗೊ. ಒಂದೂಕಾಲು ಗಂಟೆಯ ದಾರಿ. ಬೆಳಗಿನ ಬಸ್ಸು ಬೇಡ. ಹಗಲು ಪ್ರವಾಸಿಗರು ವಾಪಸ್ ಹೊರಡುವ ಹೊತ್ತಿಗೆ ನೀವು ಇಳಿಯಬೇಕು.

ಇಲ್ಲಿನ ಮನೆಗಳಿಗೆ ‘ಗಾಶ್ಶೊ’ ಅನ್ನುತ್ತಾರೆ. ಕೈಮುಗಿದ ಹಾಗೆ ಅಂತ ಅರ್ಥ. ದಪ್ಪ ಹುಲ್ಲಿನ ಮಾಡು ಕಡಿದಾಗಿ ಇಳಿಯುತ್ತದೆ, ಹಿಮ ನಿಲ್ಲದೆ ಜಾರಲಿ ಅಂತ. 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊರಗಿಂದ ಫೋಟೋ ತೆಗೆದು ಹೋಗುವವರೇ ಜಾಸ್ತಿ. ನೀವು ವಾಡಾ ಮನೆಯ ಒಳಗೆ ಹೋಗಿ, ಅಟ್ಟ ಹತ್ತಿ. ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಕೆಳಗಿನ ಒಲೆಯ ಬಿಸಿ ಮೇಲೇರಿ ಹುಳುಗಳನ್ನು ಬೆಚ್ಚಗಿಡುತ್ತಿತ್ತು, ಹೊಗೆ ಹುಲ್ಲಿಗೆ ಹುಳ ಹಿಡಿಯದಂತೆ ಕಾಯುತ್ತಿತ್ತು. ರಾಮನಗರ, ಕೋಲಾರದ ಕಡೆ ಚಂದ್ರಿಕೆ, ತಟ್ಟೆ ನೋಡಿ ಬೆಳೆದವರಿಗೆ ಆ ಅಟ್ಟ ಪರಿಚಿತ ಅನ್ನಿಸುತ್ತದೆ. ಮಾಡಿನ ತೊಲೆಗಳಿಗೆ ಮೊಳೆ ಇಲ್ಲ, ಹಗ್ಗ ಮತ್ತು ತಿರುಚಿದ ಕೊಂಬೆಗಳಿಂದ ಬಿಗಿದಿದ್ದಾರೆ. ಮಾಡು ಹೊದಿಸುವಾಗ ಊರಿನವರೆಲ್ಲ ಕೈಜೋಡಿಸುವ ಪದ್ಧತಿಗೆ ‘ಯುಇ’ ಅಂತ ಹೆಸರು. ನಮ್ಮ ಮಲೆನಾಡಿನ ಮುಯ್ಯಾಳು ಇದ್ದ ಹಾಗೆ.

ಸಂಜೆ ಗುಡ್ಡದ ಮೇಲಿನ ಶಿರೋಯಾಮಾ ನೋಟದ ಜಾಗಕ್ಕೆ ಹತ್ತಿ ಬನ್ನಿ. ಕಿಟಕಿಗಳಲ್ಲಿ ಒಂದೊಂದೇ ದೀಪ ಹತ್ತುತ್ತದೆ. ರಾತ್ರಿ ಊಟ ಬೇಗ ಬಡಿಸುತ್ತಾರೆ, ಸ್ನಾನದ ಮನೆ ಎಲ್ಲರಿಗೂ ಒಂದೇ, ಗೋಡೆ ಕಾಗದದ್ದು. ಜೋರಾಗಿ ಫೋನಿನಲ್ಲಿ ಮಾತಾಡಿದರೆ ಪಕ್ಕದ ಕೋಣೆಯವರಿಗೆ ನಿಮ್ಮ ಮನೆ ಕತೆಯೆಲ್ಲ ಗೊತ್ತಾಗುತ್ತದೆ.

ತಕಾಯಾಮಾ ಅಲ್ಲಿಂದ ಐವತ್ತು ನಿಮಿಷ. ಹಳೆ ಬೀದಿ, ಮಿಯಾಗಾವಾ ಹೊಳೆಯ ಪಕ್ಕ ಬೆಳಗಿನ ಸಂತೆ, ಸಾಕೆ (ಅಕ್ಕಿಯ ಮದ್ಯ) ಅಂಗಡಿಗಳ ಮುಂದೆ ತೂಗುವ ದೇವದಾರು ಎಲೆಯ ಚೆಂಡು. ಚೆಂಡು ಹಸಿರಾಗಿದ್ದರೆ ಹೊಸ ಸಾಕೆ ಬಂದಿದೆ ಅಂತ, ಕಂದಾದರೆ ಹಳೆಯದು.

ಎರಡನೇ ದಿನ ಪೂರ್ತಿ ಕಾಮಿಕೋಚಿಗೆ ಕೊಡಿ. ಖಾಸಗಿ ಕಾರಿಗೆ ಪ್ರವೇಶವಿಲ್ಲ. ತಕಾಯಾಮಾದಿಂದ ಹಿರಾಯು ಒನ್ಸೆನ್‌ಗೆ ಒಂದು ಗಂಟೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ನೇರ ಕೊನೆಯ ನಿಲ್ದಾಣಕ್ಕೆ ಹೋಗಬೇಡಿ, ತೈಶೊ ಕೊಳದ ಹತ್ತಿರ ಇಳಿಯಿರಿ. 1915ರಲ್ಲಿ ಯಾಕೆದಾಕೆ ಜ್ವಾಲಾಮುಖಿ ಸಿಡಿದು ಅಜುಸಾ ನದಿಗೆ ಅಡ್ಡ ಬಿದ್ದಾಗ ಹುಟ್ಟಿದ ಕೊಳ ಅದು. ಅಲ್ಲಿಂದ ನದಿ ದಂಡೆಯ ಮೇಲೆ ಕಪ್ಪಾ ಸೇತುವೆವರೆಗೆ ಒಂದು ಗಂಟೆ ಸಮತಟ್ಟು ನಡಿಗೆ. ನೀರು ಎಷ್ಟು ತಿಳಿ ಅಂದರೆ ತಳದ ಕಲ್ಲು ಎಣಿಸಬಹುದು. ಎದುರಿಗೆ 3,190 ಮೀಟರ್ ಎತ್ತರದ ಹೊತಾಕಾ ಶಿಖರ. ಮಂಡಿ ನೋವಿನ ಅಪ್ಪ ಅಮ್ಮನೂ ನಡೆಯಬಲ್ಲ ದಾರಿ. ಕರಡಿ ಇರುವ ಕಾಡಾದ್ದರಿಂದ ಚೀಲಕ್ಕೆ ಸಣ್ಣ ಗಂಟೆ ಕಟ್ಟಿಕೊಳ್ಳುವುದು ಅಲ್ಲಿನ ರೂಢಿ, ಅಂಗಡಿಯಲ್ಲೇ ಸಿಗುತ್ತದೆ. ವಾಪಸ್ ಬಸ್ಸಿನ ಸಮಯ ಇಳಿದ ಕೂಡಲೇ ನೋಡಿಕೊಳ್ಳಿ. ಕತ್ತಲಾದ ಮೇಲೆ ಬಸ್ಸಿಲ್ಲ.

ಹೆಜ್ಜೆ 10: ಕ್ಯೋಟೊವನ್ನು ಗಡಿಯಾರ ನೋಡಿ ಸುತ್ತಿ

ಕ್ಯೋಟೊದಲ್ಲಿ ಏನು ನೋಡಬೇಕು ಅನ್ನುವುದಕ್ಕಿಂತ ಎಷ್ಟು ಗಂಟೆಗೆ ನೋಡಬೇಕು ಅನ್ನುವುದು ಮುಖ್ಯ. ಫುಶಿಮಿ ಇನಾರಿಗೆ ಬಾಗಿಲೂ ಇಲ್ಲ, ಟಿಕೆಟ್ಟೂ ಇಲ್ಲ. ಬೆಳಗ್ಗೆ ಆರಕ್ಕೆ ಹೋಗಿ. ಸಾವಿರಾರು ಕೆಂಪು ‘ತೋರಿ’ ಹೆಬ್ಬಾಗಿಲುಗಳ ಸಾಲು ಬೆಟ್ಟದ ತುದಿಯವರೆಗೆ ಏರುತ್ತದೆ. ಹೆಸರು ಕೇಳಿದರೆ ನಮ್ಮ ತೋರಣವೇ ನೆನಪಾಗುತ್ತದೆ, ಅಲ್ವಾ? ಮೇಲೇರುವಾಗ ಕಂಬಗಳು ಬರೀ ಕೆಂಪು. ಇಳಿಯುವಾಗ ನೋಡಿ, ಹಿಂಬದಿಯಲ್ಲಿ ಕಪ್ಪು ಅಕ್ಷರದಲ್ಲಿ ಕೊಟ್ಟವರ ಹೆಸರು. ನಮ್ಮ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸಿದ ಹಾಗೆಯೇ. ಬಹಳ ಜನ ಮೊದಲ ಇಳಿಜಾರಿನಲ್ಲೇ ಫೋಟೋ ತೆಗೆದು ತಿರುಗುತ್ತಾರೆ. ಪೂರ್ತಿ ಸುತ್ತಲು ಎರಡರಿಂದ ಮೂರು ಗಂಟೆ ಬೇಕು.

ಅಲ್ಲಿಂದ ಸಂಜೂಸಂಗೆಂದೊಗೆ ಬನ್ನಿ. ಕಿಂಕಾಕುಜಿಯ ಬಂಗಾರದ ಮಂಟಪಕ್ಕಿಂತ ನನಗೆ ಇದೇ ಹೆಚ್ಚು. (ಕಿಂಕಾಕುಜಿ 1950ರಲ್ಲಿ ಸುಟ್ಟುಹೋಗಿ 1955ರಲ್ಲಿ ಮತ್ತೆ ಕಟ್ಟಿದ್ದು. ಚೆಂದವಾಗಿದೆ, ಆದರೆ ತಳ್ಳಾಟ.) ಸುಮಾರು 120 ಮೀಟರ್ ಉದ್ದದ ಮರದ ಸಭಾಂಗಣ, ಒಳಗೆ ಕರುಣೆಯ ಬೋಧಿಸತ್ವ ಕನ್ನೊನ್ ದೇವರ 1,001 ವಿಗ್ರಹಗಳು, ಸೈನ್ಯ ನಿಂತ ಹಾಗೆ ಸಾಲು ಸಾಲು. ಅವುಗಳ ಮುಂದೆ 28 ರಕ್ಷಕ ದೇವತೆಗಳು. ಇವರ ಹತ್ತಿರ ನಿಧಾನ ಮಾಡಿ. ಬೆಂಜೈತೆನ್ ಅಂದರೆ ಸರಸ್ವತಿ. ತೈಶಾಕುತೆನ್ ಅಂದರೆ ಇಂದ್ರ. ಬೊಂತೆನ್ ಅಂದರೆ ಬ್ರಹ್ಮ. ಕೊಳಲು ಊದುತ್ತಾ ರೆಕ್ಕೆ ಬಿಚ್ಚಿ ನಿಂತ ಹಕ್ಕಿಮುಖದವನು ಕರುರಾ, ನಮ್ಮ ಗರುಡ. ಫೋಟೋ ತೆಗೆಯುವಂತಿಲ್ಲ, ಹಾಗಾಗಿ ಎಲ್ಲರೂ ಕಣ್ಣಲ್ಲೇ ನೋಡುತ್ತಾರೆ.

ಅರಾಶಿಯಾಮಾದ ಬಿದಿರು ಮೆಳೆ ಬೆಳಗ್ಗೆ ಏಳರೊಳಗೆ ಮಾತ್ರ. ಆಮೇಲೆ ಅದು ಕೆ.ಆರ್. ಮಾರ್ಕೆಟ್ಟು. ಗಿಯೊನ್‌ನ ಖಾಸಗಿ ಗಲ್ಲಿಗಳಿಗೆ ಪ್ರವಾಸಿಗರು ಹೋಗುವಂತಿಲ್ಲ, ದಂಡ 10,000 ಯೆನ್. ಸಾಂಪ್ರದಾಯಿಕ ಕಲಾವಿದೆಯರಾದ ಗೇಶಾಗಳ ಹಿಂದೆ ಕ್ಯಾಮೆರಾ ಹಿಡಿದು ಓಡಬೇಡಿ.

ನಾರಾಕ್ಕೆ ಕ್ಯೋಟೊದಿಂದ ಒಂದು ಗಂಟೆಯೊಳಗೆ ರೈಲು. ಜಿಂಕೆಗಳು ತಲೆಬಾಗಿಸಿ ಬಿಸ್ಕತ್ತು ಕೇಳುತ್ತವೆ, ಕೊಡದಿದ್ದರೆ ಅಂಗಿ ಜಗ್ಗುತ್ತವೆ. ತೊದೈಜಿಯ ಕಂಚಿನ ಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಆ ವಿಗ್ರಹದ ಕಣ್ಣು ಬರೆದವನು ಭಾರತದಿಂದ ಹೋದ ಭಿಕ್ಷು ಬೋಧಿಸೇನ. ಅವನು ಹಿಡಿದ ಕುಂಚಕ್ಕೆ ಉದ್ದ ದಾರಗಳನ್ನು ಕಟ್ಟಿ, ನೆರೆದವರೆಲ್ಲ ಆ ದಾರ ಹಿಡಿದು ಆ ಗಳಿಗೆಯಲ್ಲಿ ಪಾಲುಗೊಂಡರಂತೆ. ಆಗಿನ ವಿಗ್ರಹ ಬೆಂಕಿ, ಭೂಕಂಪದಲ್ಲಿ ಹಾನಿಗೊಂಡು ಎಷ್ಟೋ ಸಲ ದುರಸ್ತಿಯಾಗಿದೆ.

ಹೆಜ್ಜೆ 11: ಕೋಯಾಸಾನ್‌ನ ಮಠದಲ್ಲಿ ಒಂದು ರಾತ್ರಿ

ಇಡೀ ಪ್ರವಾಸದಲ್ಲಿ ಒಂದೇ ಜಾಗ ಉಳಿಸಿಕೊಳ್ಳಿ ಅಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಒಸಾಕಾದ ನಂಬಾ ನಿಲ್ದಾಣದಿಂದ ನಾನ್‌ಕಾಯ್ ರೈಲು ಗುಡ್ಡ ಸುತ್ತಿ ಗೊಕುರಾಕುಬಾಶಿಗೆ ಒಯ್ಯುತ್ತದೆ. ಅಲ್ಲಿಂದ ಹಗ್ಗದ ರೈಲಿನಲ್ಲಿ ಐದು ನಿಮಿಷ, ಆಮೇಲೆ ಬಸ್ಸು. ಸುಮಾರು 800 ಮೀಟರ್ ಎತ್ತರದ ಈ ಊರಿನಲ್ಲಿ ಐವತ್ತರಷ್ಟು ಮಠಗಳು ಪ್ರವಾಸಿಗರಿಗೆ ವಸತಿ ಕೊಡುತ್ತವೆ. ‘ಶುಕುಬೊ’ ಅಂತ ಕರೆಯುತ್ತಾರೆ. ಎರಡು ಊಟ ಸೇರಿ ತಲೆಗೆ ಸುಮಾರು 15 ಸಾವಿರ ಯೆನ್ ಆಗುತ್ತದೆ, ದೊಡ್ಡ ಮಠಗಳಲ್ಲಿ ಇನ್ನೂ ಜಾಸ್ತಿ. ಐದರೊಳಗೆ ತಲುಪಿ. ಒಮ್ಮೆ ನಾನು ರೈಲು ತಪ್ಪಿಸಿಕೊಂಡು ಏಳಕ್ಕೆ ಹೋದೆ, ಊಟದ ತಟ್ಟೆ ಎತ್ತಿಟ್ಟಾಗಿತ್ತು. ಎಳೆಯ ಸನ್ಯಾಸಿಯೊಬ್ಬ ಕರುಣೆಯಿಂದ ಎರಡು ಅನ್ನದುಂಡೆ ತಂದುಕೊಟ್ಟ.

ಇಲ್ಲಿ ಸಸ್ಯಾಹಾರಿಗಳು ನಿಶ್ಚಿಂತೆಯಿಂದ ಉಣ್ಣಬಹುದು. ‘ಶೊಜಿನ್ ರ‍್ಯೋರಿ’ ಮಠದ ಅಡುಗೆಯಲ್ಲಿ ಮೀನಿಲ್ಲ, ಮಾಂಸವಿಲ್ಲ, ದಾಶಿಯೂ ಕಡಲಪಾಚಿ, ಅಣಬೆಯದು. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಕೆಂಪು ಅರಗಿನ ಬಟ್ಟಲುಗಳಲ್ಲಿ ಎಳ್ಳಿನ ತೋಫು, ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ ತೋಫು, ಟೆಂಪುರಾ, ಉಪ್ಪಿನಕಾಯಿ. ನಮ್ಮ ಮಠದ ಪಂಕ್ತಿಯೂಟ ಉಂಡವರಿಗೆ ಬಡಿಸುವ ಶಿಸ್ತು ಅಪರಿಚಿತವಲ್ಲ.

ಈ ಜಾಗ ಕಟ್ಟಿದವನು ಬೌದ್ಧ ಸನ್ಯಾಸಿ ಕೂಕಾಯ್. ಚೀನಾಕ್ಕೆ ಹೋಗಿ, ಅಲ್ಲಿ ಭಾರತದ ಭಿಕ್ಷು ಪ್ರಜ್ಞನ ಹತ್ತಿರ ಸಂಸ್ಕೃತ ಕಲಿತು ಬಂದವನು. 816ರಲ್ಲಿ ಚಕ್ರವರ್ತಿ ಅವನಿಗೆ ಈ ಬೆಟ್ಟ ಕೊಟ್ಟ. 835ರಲ್ಲಿ ಅವನು ಸತ್ತ ಅಂತ ಇಲ್ಲಿಯವರು ಹೇಳುವುದಿಲ್ಲ, ಧ್ಯಾನಕ್ಕೆ ಕೂತ ಅನ್ನುತ್ತಾರೆ. ಇವತ್ತಿಗೂ ದಿನಕ್ಕೆರಡು ಸಲ ಅವನಿಗೆ ಊಟ ಒಯ್ಯುತ್ತಾರೆ. ಮಂತ್ರಾಲಯದ ಬೃಂದಾವನದ ಮುಂದೆ ಕೂತು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವನ ಸಮಾಧಿಗೆ ಹೋಗುವ ಒಕುನೊಇನ್ ದಾರಿ ಎರಡು ಕಿಲೋಮೀಟರ್. ಎರಡೂ ಕಡೆ ನೂರಾರು ವರ್ಷದ ದೇವದಾರು, ಅವುಗಳ ಬುಡದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿ ಕಲ್ಲು. ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ ನಡೆಯಿರಿ. ಮತ್ತೆ ಮತ್ತೆ ಒಂದು ಆಕಾರ ಕಾಣುತ್ತದೆ: ಕೆಳಗೆ ಚೌಕ, ಮೇಲೆ ಗೋಳ, ಅದರ ಮೇಲೆ ಮಾಡಿನಂಥ ತ್ರಿಕೋನ, ಆಮೇಲೆ ಅರ್ಧಚಂದ್ರ, ತುದಿಯಲ್ಲಿ ಮೊಗ್ಗು. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ನಮ್ಮ ಪಂಚಭೂತಗಳೇ. ಪಾಚಿ ಹಿಡಿದ ಕಲ್ಲಿನ ಹತ್ತಿರ ಬಗ್ಗಿ ನೋಡಿದರೆ ಒಂದೊಂದರ ಮೇಲೂ ಒಂದು ಅಕ್ಷರ. ಜಪಾನೀ ಅಲ್ಲ, ಬ್ರಾಹ್ಮಿಯ ಕವಲಾದ ಸಿದ್ಧಂ ಲಿಪಿ. ಕೆಳಗಿಂದ ಮೇಲಕ್ಕೆ ಅ, ವ, ರ, ಹ, ಖ. ಕಾಗದದ ಮೇಲೆ ಆ ಐದು ಅಕ್ಷರಗಳ ಆಕಾರ ಬರೆದುಕೊಂಡು ಹೋಗಿ, ಹುಡುಕುವುದು ಸುಲಭವಾಗುತ್ತದೆ. ದಾರಿಯಲ್ಲಿ ಗೆದ್ದಲುಗಳಿಗೆ ಕಟ್ಟಿಸಿದ ಸ್ಮಾರಕವೂ ಇದೆ, ಗೆದ್ದಲು ಕೊಲ್ಲುವ ಕೆಲಸದವರೇ ಕಟ್ಟಿಸಿದ್ದು. ಕೊನೆಯ ಸೇತುವೆ ದಾಟಿದ ಮೇಲೆ ಫೋಟೋ, ಟೋಪಿ, ತಿಂಡಿ ಬೇಡ.

ಬೆಳಗ್ಗೆ ಆರರ ಹೊತ್ತಿಗೆ ಪ್ರಾರ್ಥನೆ. ಕೆಲವು ಮಠಗಳಲ್ಲಿ ‘ಗೊಮಾ’ ಇರುತ್ತದೆ. ಸಮಿತ್ತು, ಎಣ್ಣೆ, ಧಾನ್ಯ ಅಗ್ನಿಗೆ ಹಾಕುತ್ತಾ ಮಂತ್ರ ಹೇಳುತ್ತಾರೆ. ಗೊಮಾ ಅಂದರೆ ಹೋಮವೇ. ಬುಕ್ ಮಾಡುವಾಗ ಯಾವ ಮಠದಲ್ಲಿ ಇದೆ ಅಂತ ನೋಡಿ ಆರಿಸಿಕೊಳ್ಳಿ.

ನಡುವೆ ಒಂದಿಷ್ಟು ರೀತಿ ರಿವಾಜು

ಜಪಾನಿನ ಮೂಲ ಧರ್ಮವಾದ ಶಿಂತೊದ ಮಂದಿರದಲ್ಲಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ಬೌದ್ಧ ಗುಡಿಯಲ್ಲಿ ಚಪ್ಪಾಳೆ ಇಲ್ಲ, ಸುಮ್ಮನೆ ಕೈಮುಗಿಯಿರಿ. ಕಾಣಿಕೆಗೆ 5 ಯೆನ್ ನಾಣ್ಯ ಇಟ್ಟುಕೊಳ್ಳಿ, ‘ಗೊ-ಎನ್’ ಅನ್ನುವ ಉಚ್ಚಾರಕ್ಕೆ ಋಣಾನುಬಂಧ ಅಂತಲೂ ಅರ್ಥ ಬರುತ್ತದೆ. ದಿನಕ್ಕೆ ಹತ್ತು ಸಲ ಶೂ ಬಿಚ್ಚಬೇಕಾಗುತ್ತದೆ, ತೂತಿಲ್ಲದ ಸಾಕ್ಸ್ ಒಯ್ಯಿರಿ. ಬಿಸಿನೀರ ಬುಗ್ಗೆಯಲ್ಲಿ ಮೊದಲು ಕೂತು ಸೋಪು ಹಚ್ಚಿ ತೊಳೆದುಕೊಂಡು ಆಮೇಲೆ ಇಳಿಯುವುದು. ಬಟ್ಟೆ ತೊಡುವಂತಿಲ್ಲ. ಮುಜುಗರ ಮೊದಲ ಮೂರು ನಿಮಿಷ ಮಾತ್ರ. ಟಿಪ್ಸ್ ಕೊಡಬೇಡಿ. ರಸ್ತೆಯಲ್ಲಿ ಕಸದ ಡಬ್ಬ ಸಿಗುವುದಿಲ್ಲ, ಚೀಲದಲ್ಲೊಂದು ಕವರ್ ಇರಲಿ. ಭೂಕಂಪದ ಎಚ್ಚರಿಕೆಗೆ ‘ಸೇಫ್ಟಿ ಟಿಪ್ಸ್’ ಆ್ಯಪ್ ಹಾಕಿಕೊಳ್ಳಿ. ಪೊಲೀಸ್ 110, ಆಂಬುಲೆನ್ಸ್ 119.

ಹೆಜ್ಜೆ 12: ದ್ವೀಪ, ಹಿರೋಷಿಮಾ, ಕೊನೆಗೆ ಇ ಸೀಟು

ಕೋಯಾಸಾನ್‌ನಿಂದ ಒಂಬತ್ತಕ್ಕೆ ಹೊರಟರೆ ಮಧ್ಯಾಹ್ನ ಮೂರರ ಹೊತ್ತಿಗೆ ಮಿಯಾಜಿಮಾ ತಲುಪಬಹುದು. ನಾನು ಮಾಡಿದ ತಪ್ಪು ನೀವು ಮಾಡಬೇಡಿ: ತಾರೀಖು ಗೊತ್ತು ಮಾಡುವ ಮೊದಲೇ ಉಬ್ಬರ ಇಳಿತದ ಪಟ್ಟಿ ನೋಡಿ. ನೀರು 250 ಸೆಂಟಿಮೀಟರ್ ದಾಟಿದರೆ ಹೆಬ್ಬಾಗಿಲು ತೇಲಿದ ಹಾಗೆ ಕಾಣುತ್ತದೆ. 100ಕ್ಕಿಂತ ಕೆಳಗಿಳಿದರೆ ಅದರ ಬುಡದವರೆಗೆ ನಡೆದು ಹೋಗಬಹುದು. ತಾರೀಖು ನೋಡಿ ರಾತ್ರಿ ಉಳಿದರೆ ಎರಡೂ ಸಿಗಬಹುದು. ಈಗಿನ ಹೆಬ್ಬಾಗಿಲು 1875ರದ್ದು. ಬುಡವನ್ನು ನೆಲದಲ್ಲಿ ಹೂತಿಲ್ಲ, ತನ್ನ ಭಾರಕ್ಕೇ ನಿಂತಿದೆ. ದೋಣಿಯ ಜೊತೆ 100 ಯೆನ್ ಪ್ರವಾಸಿ ತೆರಿಗೆ ಇದೆ.

ಮರುದಿನ ಬೆಳಗ್ಗೆ ಏಳೂವರೆಯೊಳಗೆ ದೋಣಿ ಹತ್ತಿ, ಹಿರೋಷಿಮಾದ ಶಾಂತಿ ವಸ್ತುಸಂಗ್ರಹಾಲಯಕ್ಕೆ ಹೋಗಿ. 1945ರ ಆಗಸ್ಟ್ 6ರ ಬೆಳಗ್ಗೆ 8:15ಕ್ಕೆ ನಿಂತುಹೋದ ಗಡಿಯಾರ, ಮಕ್ಕಳ ಊಟದ ಡಬ್ಬಿ. ಚಿಕ್ಕ ಮಕ್ಕಳನ್ನು ಒಳಗೆ ಕರೆದೊಯ್ಯುವ ಮೊದಲು ಯೋಚಿಸಿ. ಎರಡು ಗಂಟೆ ಸಾಕು, ಅದಕ್ಕಿಂತ ಹೆಚ್ಚು ಹೊತ್ತು ಇರಲು ಆಗುವುದಿಲ್ಲ. ಪಾರ್ಕಿನಲ್ಲಿ ಉರಿಯುವ ಜ್ಯೋತಿಗೆ ಬೆಂಕಿ ಬಂದದ್ದು ಮಿಯಾಜಿಮಾದ ಮಿಸೆನ್ ಬೆಟ್ಟದಿಂದಲೂ ಹೌದು. ಅಲ್ಲಿ ಕೂಕಾಯ್ ಹೊತ್ತಿಸಿದ ಬೆಂಕಿ ಆರಿಲ್ಲ ಅನ್ನುವ ನಂಬಿಕೆ ಇದೆ.

ಟೋಕಿಯೊಗೆ ಹನ್ನೆರಡೂವರೆಯೊಳಗಿನ ನೊಜೊಮಿ ಹಿಡಿಯಿರಿ. ಸೀಟು ಕಾಯ್ದಿರಿಸುವಾಗ ‘ಇ’ ಸಾಲು ಕೇಳಿ, ಅದು ಬೆಟ್ಟದ ಕಡೆಯ ಕಿಟಕಿ. ನವೆಂಬರ್‌ನಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಟೋಕಿಯೊ ತಲುಪಲು ಮುಕ್ಕಾಲು ಗಂಟೆ ಇದೆ ಅನ್ನುವಾಗ ಶಿನ್-ಫುಜಿ ನಿಲ್ದಾಣ ದಾಟುತ್ತದೆ. ಫೋನು ಕೆಳಗಿಟ್ಟು ಎಡಕ್ಕೆ ತಿರುಗಿ. ಕಾರ್ಖಾನೆಯ ಹೊಗೆಕೊಳವೆಗಳ ಹಿಂದೆ, 3,776 ಮೀಟರ್ ಎತ್ತರದ ಫುಜಿ, ತುದಿಯಲ್ಲಿ ಹೊಸ ಹಿಮ. ಒಂದೆರಡು ನಿಮಿಷ ಅಷ್ಟೇ. ನಾನು ಹೋದ ಸಲ ಪೂರ್ತಿ ಮೋಡ ಮುಚ್ಚಿತ್ತು. ಪಕ್ಕದ ಸೀಟಿನ ಹೆಂಗಸು ಕಿಟಕಿಯತ್ತ ಬೆರಳು ತೋರಿಸಿ, ಇಲ್ಲೇ ಇದೆ ಅನ್ನುವ ಹಾಗೆ ನಕ್ಕರು.